ಡೆಂಟಲ್ ಇಂಪ್ಲಾಂಟ್ ವಿಫಲವಾಗುವುದೇಕೆ?

ಕಳೆದುಹೋದ ಹಲ್ಲಿನ ಜಾಗದಲ್ಲಿ ದವಡೆಯ ಮೂಳೆಗೆ ಟೈಟಾನಿಯಂ ತಿರುಪನ್ನು ಕೂರಿಸಿ, ಅದರ ಮೇಲೆ ಕೃತಕ ಹಲ್ಲನ್ನು ಅಳವಡಿಸುವ ಚಿಕಿತ್ಸೆಯೇ ಡೆಂಟಲ್ ಇಂಪ್ಲಾಂಟ್. ಹತ್ತು ವರ್ಷಗಳ ನಂತರವೂ ನೂರರಲ್ಲಿ 90ಕ್ಕೂ ಹೆಚ್ಚು ಇಂಪ್ಲಾಂಟ್‌ಗಳು ಉಳಿದಿರುತ್ತವೆ. ಆದರೂ ಕೆಲವು ಸಡಿಲಗೊಂಡು ಕಳಚುತ್ತವೆ. ಲೋಹಕ್ಕೆ ಹುಳುಕು ಹಿಡಿಯುವುದಿಲ್ಲ. ಹೆಚ್ಚಾಗಿ ಕೆಡುವುದು ಅದನ್ನು ಹಿಡಿದಿರುವ ಮೂಳೆ ಮತ್ತು ವಸಡು.

ಆರಂಭದಲ್ಲೇ ಸೋಲು

ಜೀವಂತ ಮೂಳೆಯು ಟೈಟಾನಿಯಂಗೆ ನೇರವಾಗಿ ಬೆಸೆದುಕೊಳ್ಳುವುದನ್ನು 1950ರ ದಶಕದಲ್ಲಿ ಮೊಲಗಳ ಮೇಲಿನ ಪ್ರಯೋಗದಲ್ಲಿ ಗಮನಿಸಿದವರು ಸ್ವೀಡನ್ನಿನ ಪರ್-ಇಂಗ್ವರ್ ಬ್ರೊನೆಮಾರ್ಕ್. 1965ರಲ್ಲಿ ಅವರು ಮೊದಲ ರೋಗಿಗೆ ಇಂತಹ ಇಂಪ್ಲಾಂಟ್ ಅಳವಡಿಸಿದರು.

ಈ ಬೆಸುಗೆಗೆ ಸಾಮಾನ್ಯವಾಗಿ 3ರಿಂದ 6 ತಿಂಗಳು ಬೇಕು. ಮೂಳೆಯನ್ನು ಕೊರೆಯುವಾಗ ಲವಣಯುಕ್ತ ದ್ರಾವಣ ಹಾಯಿಸಿ ತಂಪಾಗಿಡಲಾಗುತ್ತದೆ. ಉಷ್ಣತೆ 47 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ನಿಮಿಷ ಉಳಿದರೂ ಮೂಳೆಗೆ ಹಾನಿಯಾಗಬಹುದು. ಬೆಸೆಯುವ ಮುನ್ನವೇ ಅತಿಯಾದ ಭಾರ ಬಿದ್ದು ತಿರುಪು ಅಲುಗಾಡಿದರೆ, ಸುತ್ತಲೂ ಮೂಳೆಯ ಬದಲು ನಾರಿನಂತಹ ಮೃದು ಅಂಗಾಂಶ ಬೆಳೆಯುತ್ತದೆ. ಧೂಮಪಾನ ಹಾಗೂ ಹತೋಟಿಯಲ್ಲಿಲ್ಲದ ಮಧುಮೇಹ ಗಾಯ ಮಾಯುವುದನ್ನು ನಿಧಾನಗೊಳಿಸುತ್ತವೆ.

ನೋವಿಲ್ಲದ ಕೇಡು

ವರ್ಷಗಳ ನಂತರದ ವೈಫಲ್ಯಕ್ಕೆ ಮುಖ್ಯ ಕಾರಣ 'ಪೆರಿಇಂಪ್ಲಾಂಟೈಟಿಸ್' ಎಂಬ ಸೋಂಕು. ದಂತಪಾಚಿಯಲ್ಲಿನ ಬ್ಯಾಕ್ಟೀರಿಯಾದಿಂದ ವಸಡು ಊದಿಕೊಂಡು, ಕ್ರಮೇಣ ಮೂಳೆ ಕರಗುತ್ತದೆ. ಹಿಂದೆ ವಸಡಿನ ರೋಗವಿದ್ದವರಿಗೆ ಅಪಾಯ ಹೆಚ್ಚು. ಕೃತಕ ಹಲ್ಲನ್ನು ಅಂಟಿಸಿದ ಸಿಮೆಂಟಿನ ಚೂರು ವಸಡಿನಡಿ ಉಳಿದರೂ ಸೋಂಕಿಗೆ ಎಡೆಯಾಗುತ್ತದೆ. ನಿದ್ರೆಯಲ್ಲಿ ಹಲ್ಲು ಕಡಿಯುವ ಅಭ್ಯಾಸವಂತೂ ಇಂಪ್ಲಾಂಟಿನ ಮೇಲೆ ಅತಿಭಾರ ಹೇರುತ್ತದೆ.

ಸ್ವಂತ ಹಲ್ಲಿಗೂ ಮೂಳೆಗೂ ನಡುವೆ ಸೂಕ್ಷ್ಮ ನಾರುಗಳ ಪದರವಿದ್ದು, ಅದು ಒತ್ತಡವನ್ನು ತಾಳಿಕೊಂಡು ಮಿದುಳಿಗೆ ಸುಳಿವು ನೀಡುತ್ತದೆ. ಇಂಪ್ಲಾಂಟಿಗೆ ಆ ಪದರವೂ ಇಲ್ಲ, ಒಳಗೆ ನರವೂ ಇಲ್ಲ. ಆದ್ದರಿಂದಲೇ ಅನೇಕರಿಗೆ ನೋವೇ ಕಾಣಿಸದು. ಇಂಪ್ಲಾಂಟ್ ತಾನೇ ಅಲುಗಾಡುವ ವೇಳೆಗೆ ಬೆಸುಗೆ ಕಳಚಿಹೋಗಿರುತ್ತದೆ. ಕೆಲವೊಮ್ಮೆ ಸಡಿಲವಾಗಿರುವುದು ಮೇಲಿನ ಹಲ್ಲು ಮಾತ್ರ, ಅದನ್ನು ಸರಿಪಡಿಸಬಹುದು.

ಎಚ್ಚರಿಕೆ ಏನು?

ಹಲ್ಲುಜ್ಜುವಾಗ ಇಂಪ್ಲಾಂಟಿನ ಸುತ್ತ ರಕ್ತ ಬರುವುದು, ವಸಡು ಕೆಂಪಾಗುವುದು, ಕೀವು ಇವೇ ಮೊದಲ ಸೂಚನೆಗಳು. ವಸಡಿನ ಉರಿಯೂತದ ಹಂತದಲ್ಲೇ ಶುಚಿಗೊಳಿಸಿದರೆ ಇಂಪ್ಲಾಂಟ್ ಸಾಮಾನ್ಯವಾಗಿ ಉಳಿಯುತ್ತದೆ. ಕರಗಿದ ಮೂಳೆ ತಾನಾಗಿ ಮರಳದು. ಮೂಳೆ ಸವೆತಕ್ಕೆ ಔಷಧಿ ಸೇವಿಸುತ್ತಿರುವವರು, ದವಡೆಗೆ ವಿಕಿರಣ ಚಿಕಿತ್ಸೆ ಪಡೆದವರು ಮುಂಚಿತವಾಗಿಯೇ ದಂತವೈದ್ಯರಿಗೆ ತಿಳಿಸಬೇಕು.

ವಿಫಲವಾದ ಇಂಪ್ಲಾಂಟನ್ನು ತೆಗೆದು ಮತ್ತೊಂದನ್ನು ಕೂರಿಸಲು ಸಾಧ್ಯವಿದೆ. ಆದರೆ ಮೂಳೆ ಸಾಲದಿದ್ದರೆ ಮೊದಲು ಮೂಳೆ ಕಸಿ ಆಗಬೇಕು. ಖರ್ಚು ಮತ್ತು ಕಾಲ ಎರಡೂ ಹೆಚ್ಚುತ್ತವೆ. ನೋವಿಲ್ಲವೆಂದು ತಪಾಸಣೆಯನ್ನು ಮುಂದೂಡುವುದು ತರವಲ್ಲ.