ಮಲೆನಾಡಿನ ಮಳೆಯಲ್ಲಿ ನಾವಿಬ್ಬರು

ಮೂವತ್ತನಾಲ್ಕು ವರ್ಷ ಮುಂಬಯಿಯ ಲೋಕಲ್ ರೈಲಿನಲ್ಲಿ ಜೋತಾಡಿ ನಿವೃತ್ತನಾದ ಮೇಲೆ, ಒಂದು ಮಳೆಗಾಲವನ್ನಾದರೂ ಪೂರ್ತಿಯಾಗಿ ಮಲೆನಾಡಿನಲ್ಲಿ ಕಳೆಯಬೇಕೆಂಬ ನನ್ನ ಶ್ರೀಮತಿಯ ಬಯಕೆಗೆ ಒಲ್ಲೆನೆನ್ನಲು ನನ್ನಲ್ಲಿ ನೆಪಗಳು ಉಳಿದಿರಲಿಲ್ಲ. ಆಕೆಯ ತೌರುಮನೆ ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಆಗುಂಬೆಗೆ ಹೋಗುವ ರಸ್ತೆಯಿಂದ ಎರಡು ಮೈಲಿ ಒಳಗೆ. ನಾನೋ ಗದಗಿನ ಕಡೆಯವನು. ಮಳೆಯೆಂದರೆ ಮುಗಿಲು ನೋಡುತ್ತ ಕಾಯಬೇಕಾದ ವಸ್ತುವೆಂದೇ ತಿಳಿದು ಬೆಳೆದವನು. 2018ರ ಜೂನ್ ತಿಂಗಳಲ್ಲಿ ಡೊಂಬಿವಲಿಯ ಮನೆಗೆ ಬೀಗ ಹಾಕಿ ಇಬ್ಬರೂ ಹೊರಟೆವು.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಸುಮಾರು 7,000 ಮಿಲಿಮೀಟರ್ ಮಳೆಯಾಗುತ್ತದೆ. ಮುಂಬಯಿಯ ಮಳೆಯ ಮೂರು ಪಟ್ಟು. ಅಂಕಿ ಓದಿದರೆ ಇದು ಅರ್ಥವಾಗುವುದಿಲ್ಲ. ನಾವು ಬಂದ ಮೂರನೆಯ ದಿನ ನನ್ನ ಚರ್ಮದ ಬೆಲ್ಟಿಗೆ ಬೂಷ್ಟು ಬಂದಿತು. ಐದನೆಯ ದಿನ ಕನ್ನಡಕದ ಪೆಟ್ಟಿಗೆಗೆ. ಒಗೆದ ಬಟ್ಟೆಯನ್ನು ಬಿಸಿಲಿಗೆ ಒಣಹಾಕುವ ಪ್ರಶ್ನೆಯೇ ಇರಲಿಲ್ಲ. ಬಚ್ಚಲೊಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಅವು ಒಣಗುತ್ತಿದ್ದವು. ಮನೆಮಂದಿಯೆಲ್ಲ ಹೊಗೆಯ ವಾಸನೆಯ ಅಂಗಿ ತೊಟ್ಟು ತಿರುಗುತ್ತಿದ್ದೆವು. ಒದ್ದೆ ಒಳಉಡುಪು ಧರಿಸಿ ತೊಡೆಸಂದಿಯಲ್ಲಿ ಹುಳುಕಡ್ಡಿ ತರಿಸಿಕೊಳ್ಳುವ ನಗರವಾಸಿಗಳಿಗೆ ಆ ಹೊಗೆಯ ಅಂಗಿಯೇ ಲೇಸೆಂದು ಈಗಲೂ ನನ್ನ ಅಭಿಪ್ರಾಯ.

ಅಡುಗೆಮನೆಯಲ್ಲಿ ನನ್ನ ಶ್ರೀಮತಿಗೆ ಬಾಲ್ಯವೇ ಮರಳಿ ಬಂದಂತಾಗಿತ್ತು. ಹುರುಳಿಕಾಳಿನ ಸಾರು, ಬೇಸಿಗೆಯಲ್ಲಿ ಒಣಗಿಸಿಟ್ಟ ಹಲಸಿನ ಹಪ್ಪಳ, ಕೆಸುವಿನೆಲೆಯ ಪತ್ರೊಡೆ, ಎಳೆಬಿದಿರಿನ ಕಳಲೆ. ಕಳಲೆಯನ್ನು ಹೆಚ್ಚಿ, ದಿನಕ್ಕೊಮ್ಮೆ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿಯೇ ಬೇಯಿಸುತ್ತಾರೆ. ನಾನು ಇದನ್ನು ಬರಿಯ ಮಡಿವಂತಿಕೆಯೆಂದು ತಿಳಿದಿದ್ದೆ. ಹಸಿಯ ಕಳಲೆಯಲ್ಲಿ ಸಯನೈಡನ್ನು ಬಿಡುವ ಒಂದು ವಸ್ತುವಿದ್ದು, ನೆನೆಸಿ ಬೇಯಿಸಿದಾಗ ಅದು ಹೊರಟುಹೋಗುತ್ತದೆ. ಕೆಸುವಿನೆಲೆ ಗಂಟಲು ಕೆರೆಯುವುದು ಅದರಲ್ಲಿರುವ ಆಕ್ಸಲೇಟಿನ ಸೂಜಿಯಂಥ ಹರಳುಗಳಿಂದ; ಅದಕ್ಕೆಂದೇ ಧಾರಾಳವಾಗಿ ಹುಣಿಸೆಹಣ್ಣು ಹಾಕಿ ಚೆನ್ನಾಗಿ ಬೇಯಿಸುವುದು. ಅಜ್ಜಿಯರು ರಸಾಯನಶಾಸ್ತ್ರ ಓದಿದವರಲ್ಲ, ಆದರೆ ಗಂಟಲು ಕೆರೆಸಿಕೊಂಡು ಕಲಿತವರು.

ಮಳೆ ಒಂದಿಷ್ಟು ಹೊಳವಾದಾಗಲೆಲ್ಲ ನಾವಿಬ್ಬರೂ ಕೊಡೆ ಹಿಡಿದು ಹೊರಡುತ್ತಿದ್ದೆವು. ಕವಲೇದುರ್ಗದ ಕೋಟೆಯನ್ನು ಹಾವಸೆಗಟ್ಟಿದ ಕಲ್ಲುಹಾದಿಯಲ್ಲಿ ಒಬ್ಬರನ್ನೊಬ್ಬರು ಹಿಡಿದುಕೊಂಡು ಹತ್ತಿದೆವು. ಕುಪ್ಪಳಿಯ ಕವಿಶೈಲದಲ್ಲಿ ಮಂಜಿನ ಹೊರತು ಬೇರೇನನ್ನೂ ಕಾಣದೆ ಅರ್ಧ ಗಂಟೆ ನಿಂತೆವು. ಈ ತಿರುಗಾಟದಲ್ಲಿ ನನಗಿದ್ದ ಭಯಗಳು ಎರಡು: ಒಂದು ಕಾಳಿಂಗಸರ್ಪ, ಇನ್ನೊಂದು ಇಂಬಳ. ಮೊದಲನೆಯದು ದರ್ಶನ ಕೊಡಲೇ ಇಲ್ಲ. ಎರಡನೆಯದು ಪ್ರತಿದಿನವೂ ಕೊಟ್ಟಿತು.

ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡಂದಿನಿಂದ ನಾನು ನಿತ್ಯವೂ ಆಸ್ಪಿರಿನ್ ನುಂಗುವವನು. ಇಂಬಳದ ಜೊಲ್ಲಿನಲ್ಲಿಯೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತುವಿದೆ. ಎರಡೂ ಸೇರಿ ನನ್ನ ಕಾಲಿನಿಂದ ಮಧ್ಯಾಹ್ನ ಆರಂಭವಾದ ರಕ್ತ ದೀಪ ಹಚ್ಚುವ ಹೊತ್ತಿನವರೆಗೂ ಜಿನುಗಿತು. ಊರಿನವರು ಕಾಲಿಗೆ ಸುಣ್ಣ, ಹೊಗೆಸೊಪ್ಪಿನ ನೀರು ಸವರಿಕೊಂಡು ಹೊರಡುತ್ತಾರೆ. ಕಚ್ಚಿದ ಇಂಬಳವನ್ನು ಜಗ್ಗಿ ಕೀಳದೆ, ಅದರ ಬಾಯಿಯ ಬಳಿ ಉಗುರು ತೂರಿಸಿ ಬಿಡಿಸಿ, ಸಾಬೂನಿನಿಂದ ತೊಳೆದು, ಶುಭ್ರವಾದ ಬಟ್ಟೆಯನ್ನು ಒತ್ತಿ ಹಿಡಿದರೆ ಸಾಕು. ನೋಟಕ್ಕೆ ಭಯಂಕರ, ಹಾನಿ ಅಲ್ಪ. ಕಾಲಿಗೆ ಬಟ್ಟೆ ಸುತ್ತಿಕೊಂಡು ನಾನು ಮಾಡಿದ ರಂಪಾಟವನ್ನು ಶ್ರೀಮತಿ ಮುಂಬಯಿಯಲ್ಲಿರುವ ಮಗಳಿಗೆ ದೂರವಾಣಿಯಲ್ಲಿ ವರ್ಣಿಸಿದ್ದು ನನ್ನ ಕಿವಿಗೂ ಬಿದ್ದಿತು.

ನಿಜವಾದ ಆಪತ್ತು ಬಂದದ್ದು ಕಾಡಿನಿಂದಲ್ಲ, ಮನೆಯ ಮುಂದಿನ ಗದ್ದೆಯಿಂದ.

ಪುನರ್ವಸು ಮಳೆಯಲ್ಲಿ ನಾಟಿ ನಡೆದಿತ್ತು. ಕಂಬಳಿಕೊಪ್ಪೆ ಹೊದ್ದ ಹೆಂಗಸರ ಸಾಲನ್ನು ಕಂಡ ಶ್ರೀಮತಿ ಸೆರಗು ಬಿಗಿದು, ಬರಿಗಾಲಿನಲ್ಲಿ ಗದ್ದೆಗಿಳಿದೇಬಿಟ್ಟಳು. ಮೂರು ತಾಸು ಬಾಗಿ ಸಸಿ ನೆಟ್ಟು ಮೇಲೆ ಬಂದಾಗ ಆಕೆಯ ಮುಖದಲ್ಲಿದ್ದ ಹರ್ಷವನ್ನು ನಾನು ಮದುವೆಯ ಹೊಸತರಲ್ಲಿಯೂ ಕಂಡಿರಲಿಲ್ಲ. ಆಕೆಯ ಹಿಮ್ಮಡಿ ಒಡೆದು ಬಿರುಕುಬಿಟ್ಟಿದ್ದುದನ್ನು ಆಗ ಯಾರೂ ಗಮನಿಸಲಿಲ್ಲ.

ಎಂಟು ದಿನಗಳ ಅನಂತರ ಕುಂದಾದ್ರಿಗೆ ಹೋದೆವು. ಶಿಖರದ ಪಾರ್ಶ್ವನಾಥ ಬಸದಿಯವರೆಗೂ ವಾಹನದ ರಸ್ತೆಯುಂಟು. ಆದರೂ ನಡೆದೇ ಹತ್ತಬೇಕೆಂದು ಹಟ ಹಿಡಿದವನು ನಾನು. ಮರುದಿನ ಇಬ್ಬರಿಗೂ ಮೀನಖಂಡಗಳಲ್ಲಿ ನೋವು. ನನ್ನದು ಇಳಿಯಿತು. ಆಕೆಯದು ಏರಿತು, ಮೂರನೆಯ ದಿನ ಚಳಿಜ್ವರವೂ ತಲೆನೋವೂ ಕೂಡಿಕೊಂಡವು.

"ಕುಂದಾದ್ರಿ ಇನ್ನೂ ನನ್ನ ಕಾಲಿನಿಂದ ಇಳಿದಿಲ್ಲರೀ" ಎಂದು ನಕ್ಕಳು. ನಾನೂ ನಕ್ಕೆ. ಮಳೆಯಲ್ಲಿ ನೆನೆದ ಜ್ವರವೆಂದು ಪ್ಯಾರಸಿಟಮಾಲ್ ಗುಳಿಗೆ, ಕಾಳುಮೆಣಸಿನ ಕಷಾಯ ಕೊಡುತ್ತ ಎರಡು ದಿನ ಕಳೆದೆ. ಆ ಎರಡು ದಿನಗಳಿಗೆ ಹೊಣೆ ನಾನೇ, ಬೇರಾರೂ ಅಲ್ಲ.

ಗಮನಿಸಿದವಳು ಭಾವಮೈದನ ಹೆಂಡತಿ. "ಅತ್ತಿಗೆಯ ಕಣ್ಣು ಯಾಕೋ ಕೆಂಡದ ಹಾಗೆ ಕೆಂಪಾಗಿದೆ. ಬೆಳಗಿನಿಂದ ಮೂತ್ರಕ್ಕೆ ಹೋದದ್ದು ಒಂದೇ ಸಲ" ಎಂದು ಆಕೆ ಗಂಡನಿಗೆ ಹೇಳಿದಳು. "ಭಾವ, ಇನ್ನು ಕಾಯುವುದು ಬೇಡ" ಎಂದು ಆತ ಜೀಪು ತೆಗೆದ.

ತೀರ್ಥಹಳ್ಳಿಯ ವೈದ್ಯರು ಶ್ರೀಮತಿಯ ಮೀನಖಂಡವನ್ನು ಮೆಲ್ಲನೆ ಒತ್ತಿದರು, ಆಕೆ ಕೂಗಿಕೊಂಡಳು. "ಅಮ್ಮಾ, ಈ ಹದಿನೈದು ದಿನಗಳಲ್ಲಿ ಗದ್ದೆಗೆ ಇಳಿದಿದ್ದಿರಾ?" ಎಂಬುದೇ ಅವರ ಮೊದಲ ಪ್ರಶ್ನೆ. ಅನಂತರ ಹಿಮ್ಮಡಿ ನೋಡಿದರು. ಇಲಿಜ್ವರದ ಶಂಕೆಯಿದೆ, ಮೂತ್ರಪಿಂಡಕ್ಕೆ ತಗುಲುವ ಮೊದಲೇ ಶಿವಮೊಗ್ಗೆಗೆ ಹೊರಡಿ ಎಂದು, ಮೊದಲನೆಯ ಚುಚ್ಚುಮದ್ದನ್ನು ಅಲ್ಲಿಯೇ ಕೊಟ್ಟು ಕಳುಹಿಸಿದರು. ಮಂಡಗದ್ದೆಯ ಬಳಿ ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿಗಳು ಗೂಡುಕಟ್ಟಿ ಕುಳಿತಿದ್ದವು. ಬರುವಾಗ ಇಳಿದು ನೋಡೋಣವೆಂದು ಆಕೆಗೆ ಮಾತು ಕೊಟ್ಟಿದ್ದೆ. ಆಗ ಆಕೆ ನನ್ನ ತೊಡೆಯ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದ್ದಳು.

ಆಸ್ಪತ್ರೆಯಲ್ಲಿ ಕಳೆದ ಏಳು ದಿನಗಳಲ್ಲಿ ನಾನು ಕೇಳಿ ತಿಳಿದುದಿಷ್ಟು. ಲೆಪ್ಟೊಸ್ಪೈರಾ ಎಂಬ ಸುರುಳಿಯಾಕಾರದ ಸೂಕ್ಷ್ಮಜೀವಿ ಇಲಿ, ಹೆಗ್ಗಣ, ದನ, ನಾಯಿ, ಹಂದಿಗಳ ಮೂತ್ರದೊಡನೆ ನೀರು ಕೆಸರುಗಳನ್ನು ಸೇರಿ, ಗಾಯ ಬಿರುಕುಗಳ ಮೂಲಕ ನಮ್ಮ ಮೈಯನ್ನು ಹೊಗುತ್ತದೆ. ಸಾಮಾನ್ಯವಾಗಿ 5ರಿಂದ 14 ದಿನಗಳಲ್ಲಿ ಜ್ವರ ಕಾಣಿಸುತ್ತದೆ. ಹಲವರಿಗೆ ಅದು ಸಾಧಾರಣ ಜ್ವರವಾಗಿಯೇ ಮುಗಿದೀತು. ಕೆಲವರಲ್ಲಿ ಯಕೃತ್ತು, ಮೂತ್ರಪಿಂಡ, ಶ್ವಾಸಕೋಶಗಳಿಗೆ ಇಳಿದು ಪ್ರಾಣಕ್ಕೆ ಎರವಾಗುತ್ತದೆ. ಮೊದಲ ವಾರದಲ್ಲಿ ಸಾಮಾನ್ಯ ರಕ್ತಪರೀಕ್ಷೆ ರೋಗವಿಲ್ಲವೆಂದು ತೋರಿಸಬಹುದಾದ್ದರಿಂದ, ಲಕ್ಷಣಗಳನ್ನೂ ನೀರಿನ ಸಂಪರ್ಕವನ್ನೂ ನೋಡಿ ವೈದ್ಯರು ಚಿಕಿತ್ಸೆ ಆರಂಭಿಸುತ್ತಾರೆ. ಪೆನಿಸಿಲಿನ್, ಡಾಕ್ಸಿಸೈಕ್ಲಿನ್‌ನಂಥ ಹಳೆಯ ಔಷಧಗಳಿಗೇ ಅದು ಬಗ್ಗುತ್ತದೆ, ಬೇಗ ಕೊಟ್ಟರೆ. ಶ್ರೀಮತಿಯ ರಕ್ತದಲ್ಲಿ ಕ್ರಿಯಾಟಿನಿನ್ ಆಗಲೇ ಏರಿತ್ತು. ನಾಲ್ಕನೆಯ ದಿನ ಅದು ಇಳಿಮುಖವಾಯಿತೆಂದು ದಾದಿ ಬಂದು ಹೇಳಿದಾಗ ನಾನು ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕುಳಿತೆ.

ಅಲ್ಲಿ ಕುಳಿತಾಗ ನೆನಪಾದದ್ದು 2005ರ ಜುಲೈ 26. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ ಅಂದು, ನಮ್ಮಲ್ಲಿ ಎಷ್ಟೋ ಮಂದಿಯಂತೆ ನಾನೂ ಸೊಂಟಮಟ್ಟದ ನೀರಿನಲ್ಲಿ ರಾತ್ರಿಯೆಲ್ಲ ನಡೆದಿದ್ದೆ. ಮುಂದಿನ ವಾರಗಳಲ್ಲಿ ಮುಂಬಯಿಯಲ್ಲಿ ಹರಡಿ ಜೀವ ತೆಗೆದ ಜ್ವರಗಳಲ್ಲಿ ಇದೂ ಒಂದು. ಪತ್ರಿಕೆಯಲ್ಲಿ ಓದಿ ಮಡಚಿಟ್ಟಿದ್ದೆ. ಈಗ ಮುಂಬಯಿಯ ಮಹಾನಗರಪಾಲಿಕೆಯೇ, ನೆರೆನೀರಿನಲ್ಲಿ ನಡೆದವರು 24ರಿಂದ 72 ತಾಸುಗಳೊಳಗೆ ವೈದ್ಯರನ್ನು ಕಂಡು ಮುನ್ನೆಚ್ಚರಿಕೆಯ ಔಷಧ ಪಡೆಯಬೇಕೆಂದು ಮಳೆಗಾಲದಲ್ಲಿ ಸಾರುತ್ತದೆ. ಗರ್ಭಿಣಿಯರಿಗೂ ಚಿಕ್ಕ ಮಕ್ಕಳಿಗೂ ಆ ಔಷಧ ಬೇರೆಯಾದ್ದರಿಂದ ಅಂಗಡಿಯಿಂದ ತಾವೇ ತಂದು ನುಂಗುವುದು ಸಲ್ಲದು. ಕಾಲಿನಲ್ಲಿ ಗಾಯವಿದ್ದವರು ಆ ನೀರಿಗೆ ಇಳಿಯಲೇಬಾರದು; ಇಳಿಯಬೇಕಾಗಿಯೇ ಬಂದರೆ ಗಾಯವನ್ನು ನೀರು ಹೊಗದಂತೆ ಮುಚ್ಚಿ, ಮನೆ ಮುಟ್ಟಿದೊಡನೆ ಸಾಬೂನಿನಿಂದ ತೊಳೆಯಬೇಕು.

ಬರುವಾಗ ಮಂಡಗದ್ದೆಯಲ್ಲಿ ಇಳಿದೆವು. ಹಕ್ಕಿಗಳ ಗದ್ದಲದಲ್ಲಿ ನಮ್ಮಿಬ್ಬರ ಮಾತು ನಮಗೇ ಕೇಳಿಸಲಿಲ್ಲ.

ಮರುವರ್ಷವೂ ತೌರಿಗೆ ಹೊರಟೆವು. ತೀರ್ಥಹಳ್ಳಿಯ ಪೇಟೆಯಲ್ಲಿ ಶ್ರೀಮತಿಗೆ ಮೊಳಕಾಲುದ್ದದ ರಬ್ಬರ್ ಬೂಟು ಕೊಡಿಸಿದೆ. ನಾಟಿಯ ದಿನ ಅದನ್ನು ತೊಟ್ಟು ಗದ್ದೆಗೆ ಕಾಲಿಟ್ಟಳು. ಎರಡನೆಯ ಹೆಜ್ಜೆಗೆ ಕಾಲು ಮೇಲೆ ಬಂದಿತು, ಬೂಟು ಕೆಸರಿನಲ್ಲಿಯೇ ಉಳಿಯಿತು. ನಾಟಿಯ ಹೆಂಗಸರು ನಕ್ಕು ನಕ್ಕು ಸಸಿಯ ಕಟ್ಟುಗಳನ್ನೇ ಕೈಬಿಟ್ಟರು. ಕೊನೆಗೆ ಆಕೆ ಗದ್ದೆಯಂಚಿನಲ್ಲಿ ಕೊಪ್ಪೆ ಹೊದ್ದು ಕುಳಿತು, ಸಾಲು ಎಲ್ಲೆಲ್ಲಿ ಸೊಟ್ಟಗಾಯಿತೆಂದು ಸಂಜೆಯವರೆಗೂ ಕೂಗಿ ಹೇಳುತ್ತಿದ್ದಳು.