ಕಾಂಪೌಂಡ್ ಪಕ್ಕದ ಮೂರು ಅಡಿ ನೆಲ

ಜಯನಗರ, ಬನಶಂಕರಿಯ ಹಳೆಯ ಮನೆಗಳಲ್ಲಿ ಈಗ ತೋಟವೆಂದು ಉಳಿದಿರುವುದು ಬಹುಪಾಲು ಕಾಂಪೌಂಡ್ ಗೋಡೆಯ ಬದಿಯ ಮೂರಡಿ ಪಟ್ಟಿ. ಮಿಕ್ಕಿದ್ದೆಲ್ಲ ಕಾರಿಗೆ, ಟೈಲ್ಸಿಗೆ ಹೋಗಿದೆ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಸಿದ್ದಾಪುರದ ನರ್ಸರಿಗಳಿಂದ ಬಂದ ಚೆಂಡುಹೂ, ಜಿನಿಯಾ, ಆಸ್ಟರ್ ಗಿಡಗಳು ಆ ಪಟ್ಟಿಯಲ್ಲಿ ಒಂದೆರಡು ತಿಂಗಳು ನಗುತ್ತವೆ, ಆಮೇಲೆ ಒಣಗುತ್ತವೆ. ಗೊಬ್ಬರ ಸಾಲಲಿಲ್ಲವೆಂದು ಮನೆಯವರು ನೊಂದುಕೊಳ್ಳಬೇಕಿಲ್ಲ. ಅವು ಏಕವಾರ್ಷಿಕಗಳು, ತಯಾರಿಸಿದ ಆಹಾರವನ್ನೆಲ್ಲ ಹೂವಿಗೆ, ಬೀಜಕ್ಕೆ ಸುರಿದು ಸಾಯುವುದೇ ಅವುಗಳ ಬಾಳಿನ ಕ್ರಮ. ನನ್ನ ಚಿಂತೆ ಅವು ಹೋದಮೇಲಿನದು. ಒಣಗಿದ ಗಿಡ ಕಿತ್ತು, ತರಗೆಲೆ ಗುಡಿಸಿ, ಮಣ್ಣನ್ನು ಬೆತ್ತಲೆ ಬಿಡುತ್ತೇವಲ್ಲ, ಅಲ್ಲಿಂದಲೇ ತೋಟ ಕೆಡುತ್ತದೆ.

ಬೆಂಗಳೂರಿನ ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯನ್ನು ನೆನೆಯಿರಿ. ದಪ್ಪ ಹನಿಯೊಂದು ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ನೆಲಕ್ಕೆ ಬಡಿಯುತ್ತದೆ. ಆ ಪೆಟ್ಟಿಗೆ ಮಣ್ಣಿನ ಹರಳುಗಳು ಒಡೆದು, ಸಿಡಿದ ನುಣ್ಣನೆಯ ಕಣಗಳು ಮೇಲ್ಮೈಯ ರಂಧ್ರಗಳನ್ನು ಮುಚ್ಚುತ್ತವೆ. ಬಿಸಿಲಿಗೆ ಅದೇ ಹೆಪ್ಪಾಗುತ್ತದೆ. ಸಾವಯವ ಅಂಶ ಕಡಿಮೆಯಿರುವ ನಮ್ಮ ಕೆಂಪು ಮಣ್ಣಿನಲ್ಲಿ ಈ ಹೆಪ್ಪು ಬೇಗ ಕಟ್ಟುತ್ತದೆ. ಮುಂದಿನ ಮಳೆ ಇಂಗುವುದಿಲ್ಲ. ಕೆಂಪು ನೀರಾಗಿ ಗೇಟಿನಾಚೆಯ ಚರಂಡಿ ಸೇರುತ್ತದೆ. ನಗರಕ್ಕೆ ವರ್ಷಕ್ಕೆ ಸರಾಸರಿ 970 ಮಿಲಿಮೀಟರಿನಷ್ಟು ಮಳೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. ಮೂರಡಿ ಅಗಲ, ನಲವತ್ತಡಿ ಉದ್ದದ ಪಟ್ಟಿಯೊಂದು ಮಳೆಗೆ ತೆರೆದಿದ್ದರೆ ವರ್ಷಕ್ಕೆ 10,000 ಲೀಟರಿಗೂ ಹೆಚ್ಚು ನೀರು ಅದರ ಮೇಲೆ ಬೀಳುತ್ತದೆ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಹಾಯಿಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಘೋಷಿಸಿದ್ದನ್ನು ಕಂಡ ಊರಿಗೆ ಇದು ಸಣ್ಣ ಲೆಕ್ಕವಲ್ಲ.

ನೆಲಕ್ಕಂಟಿ ಹಬ್ಬುವ ಬಹುವಾರ್ಷಿಕ ಗಿಡಗಳು ಹನಿಯ ಪೆಟ್ಟನ್ನು ಎಲೆಯ ಮೇಲೆ ತಾಳಿಕೊಳ್ಳುತ್ತವೆ. ನೀರು ಎಲೆಯಿಂದ ಜಾರಿ ಮೆಲ್ಲಗೆ ಮಣ್ಣಿಗಿಳಿಯುತ್ತದೆ. ಹಳೆಯ ಬೇರು ಕೊಳೆತ ಜಾಗದಲ್ಲಿ ಉಳಿಯುವ ಕೊಳವೆಗಳು, ನೆರಳಿನ ತಂಪಿಗೆ ಬರುವ ಎರೆಹುಳುಗಳ ಬಿಲಗಳು ಆ ನೀರಿಗೆ ದಾರಿ ಕೊಡುತ್ತವೆ. ಬಹುವಾರ್ಷಿಕಗಳಿಗೆ ಇನ್ನೊಂದು ಅನುಕೂಲವೂ ಉಂಟು. ಆಹಾರದ ಒಂದು ಪಾಲನ್ನು ಅವು ಬೇರು, ಗೆಡ್ಡೆಗಳಲ್ಲಿ ಕೂಡಿಡುತ್ತವೆ. ಬೇಸಿಗೆಯ ಮೊದಲ ಮಳೆ ಬಿದ್ದಾಗ ಜೂನ್‌ನಲ್ಲಿ ಬಿತ್ತುವ ಗಿಡ ಇನ್ನೂ ಪೊಟ್ಟಣದಲ್ಲಿರುತ್ತದೆ. ಮೇ ಫ್ಲವರಿನ ಗೆಡ್ಡೆ ಆಗಲೇ ಕೆಂಪು ಚೆಂಡಿನಂಥ ಹೂ ಎತ್ತಿರುತ್ತದೆ.

ಕಳೆಯ ವಿಷಯದಲ್ಲಿ ಈ ಗಿಡಗಳು ಮಾಡುವ ಕೆಲಸ ನನಗೆ ಎಲ್ಲಕ್ಕಿಂತ ಬೆರಗಿನದು. 1952ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಹ್ಯಾರಿ ಬಾರ್ತ್‌ವಿಕ್, ಸ್ಟರ್ಲಿಂಗ್ ಹೆಂಡ್ರಿಕ್ಸ್ ಮತ್ತು ಸಂಗಡಿಗರು ಲೆಟ್ಯೂಸ್ ಬೀಜಗಳಿಗೆ ಬೇರೆ ಬೇರೆ ಬಣ್ಣದ ಬೆಳಕು ತೋರಿಸಿ ನೋಡಿದರು. ಕೆಂಪು ಬೆಳಕು ಬಿದ್ದ ಬೀಜ ಮೊಳೆಯಿತು. ಅದರ ಬೆನ್ನಿಗೇ, ಕೆಂಪಿನಾಚೆಯ, ಕಣ್ಣಿಗೆ ಕಂಡೂ ಕಾಣದಂಥ ಬೆಳಕನ್ನು ಹಾಯಿಸಿದರೆ ಬಹುತೇಕ ಬೀಜಗಳು ಸುಮ್ಮನಿದ್ದವು. ಎಷ್ಟು ಸಲ ಅದಲು ಬದಲು ಮಾಡಿದರೂ ಕೊನೆಯಲ್ಲಿ ಬಿದ್ದ ಬೆಳಕಿನ ಮಾತೇ ನಡೆಯಿತು. ಬೀಜದೊಳಗೆ ಈ ಎರಡು ಬೆಳಕನ್ನು ಗುರುತಿಸುವ ವರ್ಣದ್ರವ್ಯಕ್ಕೆ ಫೈಟೋಕ್ರೋಮ್ ಎಂದು ಹೆಸರಾಯಿತು. ಹಸಿರೆಲೆ ಕೆಂಪು ಬೆಳಕನ್ನು ತಾನೇ ಹೀರಿಕೊಂಡು, ಅದರಾಚೆಯದನ್ನು ಕೆಳಗೆ ಬಿಡುತ್ತದೆ. ಅಂದರೆ ಎಲೆಯ ಅಡಿಯ ಬೀಜಕ್ಕೆ ತಲುಪುವ ಬೆಳಕೇ ‘ಮೇಲೆ ಬೇರೊಬ್ಬರಿದ್ದಾರೆ, ಈಗ ಏಳಬೇಡ’ ಎಂಬ ಸುದ್ದಿ. ಬೆಳಕು ಕಂಡರೆ ಮಾತ್ರ ಮೊಳೆಯುವ ಎಷ್ಟೋ ಪುಟ್ಟ ಕಳೆಬೀಜಗಳು ದಟ್ಟ ಹೊದಿಕೆಯ ಕೆಳಗೆ ಹಾಗೇ ಮಲಗಿರುತ್ತವೆ. ಗುದ್ದಲಿ ಹಾಕಿ ಮಣ್ಣು ಮಗುಚಿದರೆ ಅವನ್ನು ನಾವೇ ಎಬ್ಬಿಸಿದಂತೆ. ಖಾಲಿ ಸೈಟುಗಳಲ್ಲಿ ಕಾಂಗ್ರೆಸ್ ಗಿಡ ಎದೆಮಟ್ಟ ಬೆಳೆಯುವುದೂ ಕೆದಕಿದ ಬರಿ ಮಣ್ಣಿನ ಮೇಲೆಯೇ.

ಯಾವ ಗಿಡ ಹಾಕಬೇಕು? ಹುಲ್ಲುಹಾಸು ಬೇಡವೆಂದು ನೇರವಾಗಿ ಹೇಳುತ್ತೇನೆ. ಅದಕ್ಕೆ ದಿನವಿಡೀ ಬಿಸಿಲು ಬೇಕು, ಬೇಸಿಗೆಯಲ್ಲಿ ನೀರು ಬೇಕು. ಮೂರಡಿಯ ಓಣಿಯಲ್ಲಿ ಎರಡಕ್ಕೂ ಕೊರತೆ. ನೆರಳೂ ತೇವವೂ ಇರುವ ಕಡೆ ಒಂದೆಲಗದಷ್ಟು ಒಗ್ಗುವ ಗಿಡ ಕಡಿಮೆ. ಅದರ ಬಳ್ಳಿ ಗಿಣ್ಣುಗಿಣ್ಣಿಗೂ ಬೇರೂರಿ ಹೊಸ ಗಿಡವಾಗುತ್ತದೆ. ಮನೆಯವರಿಗೆ ತಂಬುಳಿಯ ಸೊಪ್ಪೂ ಆಯಿತು. ಅರೆನೆರಳಿಗೆ ದೊಡ್ಡಪತ್ರೆ: ರಸತುಂಬಿದ ದಪ್ಪ ಎಲೆಯಲ್ಲಿ ನೀರು ಕೂಡಿಟ್ಟುಕೊಳ್ಳುವುದರಿಂದ ನಾಲ್ಕು ದಿನ ನೀರು ತಪ್ಪಿದರೂ ತಡೆಯುತ್ತದೆ. ಬಿಸಿಲು ಸುಡುವ ಕಡೆ ಟೇಬಲ್ ರೋಸ್. ಇವುಗಳ ನಡುವೆ ಅಲ್ಲಲ್ಲಿ ಕನಕಾಂಬರ ಮತ್ತು ಸ್ಫಟಿಕದ ಗಿಡ ಎದ್ದಿರಲಿ. ಸ್ಫಟಿಕದ ಎಲೆಗಳನ್ನು ಪ್ಯಾನ್ಸಿ ಜಾತಿಯ ಚಿಟ್ಟೆಯ ಹುಳುಗಳು ತಿನ್ನುತ್ತವೆ, ತಿನ್ನಲು ಬಿಡಿ.

ಒಂದು ಗಿಡವನ್ನು ಮಾತ್ರ ದೂರವಿಡಿ. ಹಳದಿ ಹೂವಿನ ವೆಡೇಲಿಯಾ ರಸ್ತೆ ವಿಭಜಕಗಳಲ್ಲಿ, ಪಾರ್ಕುಗಳಲ್ಲಿ ಚೆಂದವಾಗಿಯೇ ಕಾಣುತ್ತದೆ, ಕೇಳಿದರೆ ಯಾರಾದರೂ ಒಂದು ತುಂಡು ಕೊಡುತ್ತಾರೆ ಕೂಡ. ಅಮೆರಿಕ ಖಂಡದ ಉಷ್ಣವಲಯದಿಂದ ಬಂದ ಅದು ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಕಿತ್ತೆಸೆದ ಕಾಂಡದ ತುಂಡೂ ಬೇರೂರಿ, ಕೆರೆಯಂಚಿನಂಥ ತೇವದ ಜಾಗಗಳಲ್ಲಿ ಉಳಿದ ಸಸ್ಯಗಳನ್ನು ಮುಚ್ಚಿಹಾಕುತ್ತದೆ.

ನೆಲದ ಮೇಲೆ ಗಿಡ ಹಬ್ಬಿದರೆ ಸೊಳ್ಳೆ ಬರುತ್ತದೆಂಬ ಅಂಜಿಕೆ ಹಲವರಿಗಿದೆ. ನೆರಳಿನಲ್ಲಿ ಸೊಳ್ಳೆಗಳು ಕೂರುವುದು ನಿಜ, ಆದರೆ ಅವು ಮೊಟ್ಟೆಯಿಡಲು ನಿಂತ ನೀರು ಬೇಕು. ಕುಂಡದಡಿಯ ತಟ್ಟೆ, ಮೂಲೆಗೆಸೆದ ಬಕೆಟ್ಟು ಮೊದಲು ಬರಿದಾಗಲಿ.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಗೇಣಿಗೊಂದರಂತೆ ನೆಡಿ. ಬಳ್ಳಿಗಳು ಒಂದನ್ನೊಂದು ಮುಟ್ಟುವವರೆಗೆ ಕಳೆಯನ್ನು ಕೈಯಲ್ಲೇ ಕೀಳಬೇಕು, ಆ ಶ್ರಮ ತಪ್ಪಿದ್ದಲ್ಲ. ನಡುವಿನ ಖಾಲಿ ಜಾಗಕ್ಕೆ ಬೀದಿಯ ಹೊಂಗೆ ಮರದ ತರಗೆಲೆ ಸಾಕು. ಒಂದೆಲಗಕ್ಕೆ ನರ್ಸರಿಗೂ ಹೋಗಬೇಕಿಲ್ಲ. ಸೊಪ್ಪಿನವರಲ್ಲಿ ಸಿಗುವ ಕಟ್ಟಿನಿಂದ ಗಿಣ್ಣಿರುವ ತಾಜಾ ಬಳ್ಳಿಗಳನ್ನು ಆರಿಸಿ ಒದ್ದೆ ಮಣ್ಣಿಗೆ ಒತ್ತಿದರೆ ಬೇರು ಬಿಡುತ್ತದೆ.