ಕೂಲಿಕಾರರ ಊಟದ ಲೆಕ್ಕವೂ ಮೈತೂಕವೂ

ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳ ಎರೆಭೂಮಿಯು ಹಿಂಗಾರಿ ಜೋಳಕ್ಕೂ ತೊಗರಿಗೂ ಹೆಸರಾದುದೆಂಬುದನ್ನು ಗ್ರಾಮಮುಖ್ಯರಿಗೂ ಭೂಮಾಲಿಕರಿಗೂ ತಿಳಿಸಬೇಕಾದುದಿಲ್ಲ. ಆದರೆ ಇವನ್ನು ಕೊಯ್ಯುವ ಕೂಲಿಕಾರರ ಮನೆಗಳಲ್ಲಿಯೇ ಇವೆರಡೂ ವಿರಳವಾಗುತ್ತಿರುವುದು ಪರ್ಯಾಲೋಚಿಸತಕ್ಕ ಸಂಗತಿಯಾಗಿದೆ.

1982ರಲ್ಲಿ ನಾರಾಯಣಪುರದ ಅಣೆಕಟ್ಟು ಮುಗಿದು ಎಡದಂಡೆಯ ಕಾಲುವೆಗೆ ನೀರು ಬಂದ ತರುವಾಯ ಶಹಾಪುರ, ಸುರಪುರಗಳ ಅನೇಕ ಜೋಳದ ಹೊಲಗಳು ಭತ್ತದ ಗದ್ದೆಗಳಾದುವು. 2013ರಿಂದ ಅನ್ನಭಾಗ್ಯದ ಅಕ್ಕಿಯೂ ಬಂದಿತು. ಇದರಿಂದ ಹಸಿವು ತಗ್ಗಿರುವುದು ನಿಜ, ಹಳಿಯುವುದು ಅನ್ಯಾಯ. ಪುಕ್ಕಟೆ ಅಕ್ಕಿಯಿರುವಾಗ ಹಣ ತೆತ್ತು ಜೋಳ ಕೊಳ್ಳುವವರಾರು? ಮೇಲಾಗಿ ಜೋಳವನ್ನು ಗಿರಣಿಗೆ ಒಯ್ಯಬೇಕು. ಹೊತ್ತು ಮುಳುಗಿದ ಮೇಲೆ ಹೊಲದಿಂದ ಬಂದ ಹೆಣ್ಣುಮಗಳು ಹೊಗೆಯ ಮುಂದೆ ಕುಳಿತು ಒಂದೊಂದೇ ರೊಟ್ಟಿ ಬಡಿಯಬೇಕು. ಅನ್ನವಾದರೋ ಒಲೆಯ ಮೇಲಿಟ್ಟರೆ ತಾನೇ ಬೇಯುತ್ತದೆ. ಆಕೆಯ ಲೆಕ್ಕ ತಪ್ಪಲ್ಲ. ಎಂದೂ ರೊಟ್ಟಿ ಬಡಿಯದ ನಮ್ಮಂಥ ಗಂಡಸರಿಗೆ ಉಪದೇಶ ಸುಲಭ.

ತಪ್ಪುವುದು ದೇಹದ ಲೆಕ್ಕ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2017ರ ಕೋಷ್ಟಕಗಳಂತೆ 100 ಗ್ರಾಂ ಬಿಳಿ ಅಕ್ಕಿಯಲ್ಲಿ ಸಸಾರಜನಕ ಸುಮಾರು 8 ಗ್ರಾಂ, ನಾರು 3 ಗ್ರಾಂ. ಜೋಳದಲ್ಲಿ ಎರಡೂ ಹತ್ತು ಹತ್ತು ಗ್ರಾಂ. ತೊಗರಿಬೇಳೆಯಲ್ಲಿ ಸಸಾರಜನಕವು 22 ಗ್ರಾಂ. ಬೇಳೆ ತಿಳಿಯಾಗಿ ಅನ್ನವೇ ಗುಡ್ಡೆಯಾದ ಊಟದಿಂದ ಹೊಟ್ಟೆ ತುಂಬುವುದು, ಮೈ ಕಟ್ಟದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮಕ್ಕಳ ಎತ್ತರ ತೀರ ಕುಂಠಿತವಾದ ಜಿಲ್ಲೆಗಳಲ್ಲಿ ಯಾದಗಿರಿಯೂ ಒಂದು. ಅತ್ತ ದುಡಿಮೆ ತಗ್ಗಿದ ಹಿರಿಯರಲ್ಲಿ ಅದೇ ಅನ್ನವು ಸಕ್ಕರೆಯ ಚಹ, ಬಿಸ್ಕತ್ತು, ಕರಿದ ತಿಂಡಿಗಳೊಡನೆ ಸೇರಿ ಬೊಜ್ಜಾಗುತ್ತದೆ. ಬಡಕಲು ಕೂಸನ್ನೂ ಬೊಜ್ಜಿನ ಅಜ್ಜನನ್ನೂ ಒಂದೇ ಪಡಸಾಲೆಯಲ್ಲಿ ಕಂಡಿದ್ದೇನೆ.

ಇಲ್ಲಿ ಭೂಮಾಲಿಕರು ಮಾಡಬಹುದಾದುದೊಂದಿದೆ. ಕಣದಿಂದ ಪೇಟೆಗೆ ಹೋದ ತೊಗರಿಯು ಬೇಳೆಯಾಗಿ ಅದೇ ಊರಿನ ಅಂಗಡಿಗೆ ಮರಳುವಾಗ ಬಾಡಿಗೆ, ಹಮಾಲಿ, ಗಿರಣಿಯ ಖರ್ಚು, ವ್ಯಾಪಾರಿಯ ಲಾಭ ಎಲ್ಲವನ್ನೂ ಹೊತ್ತಿರುತ್ತದೆ. ಕೂಲಿಕಾರನು ಅದನ್ನು ಪಾವು ಕಿಲೋ ಲೆಕ್ಕದಲ್ಲಿ ಕೊಳ್ಳುತ್ತಾನೆ. ಅದರ ಬದಲು ಕೆಲವು ಚೀಲ ತೊಗರಿ, ಜೋಳಗಳನ್ನು ಕಣದಲ್ಲಿಯೇ ತೆಗೆದಿರಿಸಿ, ಆ ದಿನದ ಪೇಟೆಧಾರಣೆಗೆ ಕೂಲಿಕಾರರಿಗೆ ಮಾರಿದರೆ ಒಡೆಯನಿಗೆ ನಷ್ಟವಿಲ್ಲ. ಸಾಗಣೆ ಖರ್ಚೂ ಉಳಿಯುವುದು. ಕೂಲಿಯನ್ನು ಮಾತ್ರ ನಗದಾಗಿಯೇ ಕೊಡತಕ್ಕದ್ದು; ಕಾಳಿನ ನೆವದಲ್ಲಿ ಸಾಲ ಬೆಳೆಸಬಾರದು. ಭತ್ತ ಬಿಡಲೊಲ್ಲದವರು ಬದುಗಳ ಮೇಲಾದರೂ ತೊಗರಿ ಹಾಕಬಹುದು. ಇಡಿ ಕಾಳಿಗೆ ಹುಳು ಬೇಗ ಬೀಳುವುದರಿಂದ, ಚೆನ್ನಾಗಿ ಬಿಸಿಲಿಗೊಣಗಿಸಿ ಬೇಳೆ ಮಾಡಿಯೇ ಇರಿಸುವುದು ಲೇಸು.